ಕೀಲು ಮತ್ತು ಕೊಂಡಿ

ಆದ್ಯಂತರಹಿತವೆಂದು ಕಣ್ಣಿಗೆ ತೋರುವ ವಸ್ತುಗಳಲ್ಲಿ ಕಾರ್ಖಾನೆಯ ಸಾಗಣೆ ಸರಪಣಿಯೂ ಒಂದು. ಸೀಸೆಗಳನ್ನೋ ಹಾಲಿನ ಕ್ರೇಟುಗಳನ್ನೋ ಬೆನ್ನ ಮೇಲೆ ಹೊತ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದು, ಅಲ್ಲಿ ಹಲ್ಲುಚಕ್ರವನ್ನು ಬಳಸಿ ತಲೆಕೆಳಗಾಗಿ ತಿರುಗಿ, ಬರಿಬೆನ್ನಿನಲ್ಲಿ ಹಿಂದಿರುಗಿ, ಮತ್ತೆ ಹೊರೆ ಹೊರಲು ಸನ್ನದ್ಧವಾಗಿ ಬರುವ ಆ ಪಟ್ಟಿಗೆ ಮೊದಲು ಯಾವುದು ಕೊನೆ ಯಾವುದು ಎಂಬುದನ್ನು ನಿಂತು ನೋಡುವವನು ಹೇಳಲಾರ. ಅದನ್ನು ರಚಿಸುವವನ ಮಾತು ಬೇರೆ. ಯಂತ್ರದ ಚೌಕಟ್ಟಿನೊಳಕ್ಕೆ ಅದು ಎರಡು ತುದಿಗಳುಳ್ಳ ಪಟ್ಟಿಯಾಗಿಯೇ ಹೋಗತಕ್ಕದ್ದು. ಒಳಹೊಕ್ಕ ಬಳಿಕ, ಎರಡು ಕೈಗಳನ್ನೂ ಆಡಿಸಲು ಎಡೆಯಿಲ್ಲದ ತಾವಿನಲ್ಲಿ, ಯಾರೋ ಒಬ್ಬ ಮನುಷ್ಯ ಆ ತುದಿಗಳನ್ನು ಕೂಡಿಸಬೇಕು. ಮುಂದೆಂದೋ ಒಂದು ಕೊಂಡಿ ಮುರಿದ ದಿನ ಅವನೇ ಅಥವಾ ಅವನಂತಹ ಇನ್ನೊಬ್ಬ ಅದನ್ನು ಬಿಡಿಸಬೇಕು. ನನ್ನ ವೃತ್ತಿಜೀವನದ ಬಹುಭಾಗ ಈ ಕೂಡಿಸುವ ಬಿಡಿಸುವ ಒಂದು ಸಣ್ಣ ಸಂದಿನ ಸುತ್ತಲೇ ಕಳೆದುಹೋಯಿತೆಂದರೆ ಕೇಳಿದವರು ನಗುತ್ತಾರೆ. ನಗುವುದರಲ್ಲಿ ತಪ್ಪೇನೂ ಇಲ್ಲ.

ನಾನು ಈ ಕೆಲಸಕ್ಕೆ ಬಂದದ್ದು 1980ರ ದಶಕದ ಆದಿಭಾಗದಲ್ಲಿ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿದ್ದ ಒಂದು ಸಾಧಾರಣ ಗಾತ್ರದ ಕಾರ್ಖಾನೆಯ ನಕ್ಷೆಕೋಣೆಗೆ. ಎಚ್‌ಎಂಟಿಯಲ್ಲಿ ಕೈ ಪಳಗಿಸಿಕೊಂಡು ಬಂದ ಹಿರಿಯ ಟರ್ನರುಗಳು, ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ ಅಚ್ಚುಕೆಲಸ ಕಲಿತ ಎಳೆಯರು, ಸಾಲ ಮಾಡಿ ಒಂದೇ ಒಂದು ಲೇತನ್ನು ಕೊಂಡು ಶೆಡ್ಡು ತೆರೆದ ಸಾಹಸಿಗಳು, ಇವರೆಲ್ಲರ ನೆರೆಯಲ್ಲಿ ಬಾಳುವ ವಿನ್ಯಾಸಕನಿಗೆ ತಾನು ಕಾಗದದ ಮೇಲೆ ಎಳೆದ ಗೆರೆ ವಾರದೊಳಗೆ ಉಕ್ಕಿನಲ್ಲಿ ಮೂಡಿ ಬರುವುದನ್ನು ಕಾಣುವ ಭಾಗ್ಯವಿತ್ತು. ಆ ಗೆರೆ ಹೇಗೆ ಅಸಾಧ್ಯವೆಂಬುದನ್ನು ಮೋಲ್ಡು ಮಾಡುವವರ ಬಾಯಿಂದ ನಿರ್ದಾಕ್ಷಿಣ್ಯವಾಗಿ ಕೇಳಿಸಿಕೊಳ್ಳುವ ಭಾಗ್ಯವೂ ಇತ್ತು. ವಿದೇಶದ ಸರಪಣಿ ತರಿಸಬೇಕಾದರೆ ಆಮದು ಪರವಾನಗಿ, ವಿದೇಶಿ ವಿನಿಮಯ, ಬಂದರಿನ ಸುಂಕ ಇತ್ಯಾದಿಗಳ ಉಪದ್ರವವಿದ್ದ ಕಾಲ ಅದು. ಆದಕಾರಣ ಡೈರಿಗಳಿಗೂ ಪಾನೀಯದ ಕಾರ್ಖಾನೆಗಳಿಗೂ ಇಲ್ಲಿಯೇ ಪ್ಲಾಸ್ಟಿಕ್ ಸರಪಣಿ ಮಾಡಿಕೊಡುವುದೆಂದು ನಮ್ಮ ಯಜಮಾನರು ಸಂಕಲ್ಪಿಸಿದರು.

ಸರಪಣಿಯ ವಂಶಾವಳಿ ದೀರ್ಘವಾದುದು. ಬೈಸಿಕಲ್ಲಿನಿಂದ ಹಿಡಿದು ಭಾರಿ ಯಂತ್ರಗಳವರೆಗೆ ಎಲ್ಲೆಲ್ಲಿಯೂ ಕಾಣುವ ರೋಲರ್ ಸರಪಣಿಯನ್ನು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದು ನೆಲಸಿದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ರೂಪಿಸಿದ. ಸೀಸೆ ಸಾಗಿಸುವುದಕ್ಕೆ ಉಕ್ಕಿನ ತಗಡುಗಳನ್ನು ಬಾಗಿಲ ಕೀಲಿನಂತೆ ಒಂದಕ್ಕೊಂದು ಹೆಣೆದ ಚಪ್ಪಟೆ ಸರಪಣಿ ಬಂತು. ಅದು ಗಟ್ಟಿಮುಟ್ಟಾದದ್ದು, ಆದರೆ ಭಾರ, ಸದ್ದು, ಸದಾ ಸಾಬೂನುನೀರು ಸುರಿಸುತ್ತಿರಬೇಕಾದ ಗೋಳು. ಇದಕ್ಕೆ ಪರ್ಯಾಯವಾಗಿ ಬಂದದ್ದು ಅಸಿಟಲ್ ಎಂಬ ಪ್ಲಾಸ್ಟಿಕ್ಕು. ಫಾರ್ಮಾಲ್ಡಿಹೈಡಿನ ಅಣುಗಳನ್ನು ಸಾಲಾಗಿ ಪೋಣಿಸಿದರೆ ಘನಪದಾರ್ಥವೊಂದು ಸಿದ್ಧಿಸುತ್ತದೆಂಬುದನ್ನು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರ ದಶಕದಲ್ಲಿಯೇ ಅಭ್ಯಸಿಸಿದ್ದ. ಆದರೆ ಅದು ಶಾಖ ತಗುಲಿದೊಡನೆ ಬಿಚ್ಚಿಹೋಗುತ್ತಿತ್ತು. ಆ ಸಾಲಿನ ತುದಿಗಳಿಗೆ ಮುಚ್ಚಳ ಹಾಕಿ ಸ್ಥಿರಗೊಳಿಸಿ 1960ರಲ್ಲಿ ಮಾರುಕಟ್ಟೆಗೆ ತಂದದ್ದು ಅಮೆರಿಕದ ಡ್ಯೂಪಾಂಟ್ ಸಂಸ್ಥೆ, ಡೆಲ್ರಿನ್ ಎಂಬ ಹೆಸರಿನಲ್ಲಿ. ಎರಡು ವರ್ಷಗಳಲ್ಲಿ ಸೆಲನೀಸ್ ಸಂಸ್ಥೆ ಅದರ ಕೋಪಾಲಿಮರನ್ನು, ಎಂದರೆ ಅದೇ ಸಾಲಿನಲ್ಲಿ ಇನ್ನೊಂದು ಬಗೆಯ ಅಣುವನ್ನೂ ಬೆರೆಸಿದ ರೂಪವನ್ನು, ತಂದಿತು. ಪೀಣ್ಯದಲ್ಲಿ ಯಾವ ಕಂಪನಿಯ ಕಾಳಾದರೂ ಅದು ಡೆಲ್ರಿನ್ನೇ. ನಮ್ಮ ಸ್ಟೋರ್ಸಿನ ಗುಮಾಸ್ತರಿಗೆ ಇವೆರಡರ ಭೇದವನ್ನು ನಾನು ಎಷ್ಟು ವಿವರಿಸಿದರೂ ಅವರು ವಿನಯದಿಂದ ಕೇಳಿ ಲೆಡ್ಜರಿನಲ್ಲಿ ಡೆಲ್ರಿನ್ ಎಂದೇ ಬರೆಯುತ್ತಿದ್ದರು. ಭೇದವು ಕ್ಷುಲ್ಲಕವಾದುದಲ್ಲ. ಡೈರಿಯಲ್ಲಿ ಕಾಸ್ಟಿಕ್ ಸೋಡ ಬೆರೆಸಿದ ಬಿಸಿನೀರಿನಿಂದ ತೊಳೆಯುತ್ತಾರೆ. ಶುದ್ಧ ಡೆಲ್ರಿನ್ ಆ ಕ್ಷಾರಕ್ಕೆ ಬೇಗ ಸೋಲುತ್ತದೆ, ಕೋಪಾಲಿಮರ್ ತಾಳಿಕೊಳ್ಳುತ್ತದೆ.

ಪ್ಲಾಸ್ಟಿಕ್ಕಿನ ತುಂಡುಗಳಿಂದ ಅಗಲವಾದ ಪಟ್ಟಿಯನ್ನೇ ಹೆಣೆಯಬಹುದೆಂಬ ಯೋಚನೆ ಹುಟ್ಟಿದ್ದು ಸೀಗಡಿಯ ವ್ಯಾಪಾರದಿಂದ ಎಂಬುದನ್ನು ಕೇಳಿದಾಗ ನನಗೆ ವಿಸ್ಮಯವಾಗಿತ್ತು. ಲೂಯಿಸಿಯಾನದ ಸೀಗಡಿ ವ್ಯಾಪಾರಿಯೊಬ್ಬರ ಮಗನಾದ ಜೆ. ಎಂ. ಲಾಪೇರ್ ಹರೆಯದಲ್ಲಿಯೇ ಸೀಗಡಿ ಸುಲಿಯುವ ಯಂತ್ರವನ್ನು ಕಂಡುಹಿಡಿದ. ಉಪ್ಪುನೀರಿಗೆ ಆ ಕಾರ್ಖಾನೆಗಳ ಲೋಹದ ಪಟ್ಟಿಗಳು ತುಕ್ಕು ಹಿಡಿಯುತ್ತಿದ್ದುದನ್ನು ಕಂಡು ಪ್ಲಾಸ್ಟಿಕ್ ತುಂಡುಗಳನ್ನು ಇಟ್ಟಿಗೆ ಗೋಡೆಯ ವರಸೆಯಲ್ಲಿ ಜೋಡಿಸಿ ಪಟ್ಟಿ ಮಾಡಿದ. ಆ ಪಟ್ಟಿಗಾಗಿಯೇ 1971ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಇಂಟ್ರಾಲಾಕ್ಸ್ ಸಂಸ್ಥೆ ಹುಟ್ಟಿತು.

ನಾವು ಮಾಡಹೊರಟದ್ದು ಅಷ್ಟು ದೊಡ್ಡದೇನಲ್ಲ: ಲೋಕವೆಲ್ಲ ಒಪ್ಪಿಕೊಂಡಿರುವ ಅಳತೆಯ ಚಪ್ಪಟೆ ಸರಪಣಿ, ಕೊಂಡಿಯಿಂದ ಕೊಂಡಿಗೆ 38.1 ಮಿಲಿಮೀಟರ್, ಎಂದರೆ ಒಂದೂವರೆ ಅಂಗುಲ, ಅಗಲ 82.5 ಮಿಲಿಮೀಟರ್, ಹತ್ತು ಅಡಿಗೆ ಸರಿಯಾಗಿ 80 ಕೊಂಡಿ, ಅದೇ ಒಂದು ಪೆಟ್ಟಿಗೆ. ಪ್ರತಿ ಕೊಂಡಿಯ ಒಂದು ಅಂಚಿನ ಕೆಳಗೆ ಎರಡು ಕಿವಿಗಳು, ಇನ್ನೊಂದು ಅಂಚಿನ ಕೆಳಗೆ ಒಂದು ಕಿವಿ. ಒಂದರ ಎರಡು ಕಿವಿಗಳ ನಡುವೆ ಮುಂದಿನದರ ಒಂಟಿ ಕಿವಿಯನ್ನು ಕೂಡಿಸಿ ಮೂರನ್ನೂ ತೂರಿ ಒಂದು ಪಿನ್ನನ್ನು ಹೊಡೆದರೆ ಸಂದು ಸಿದ್ಧ. ಪಿನ್ನು ಹೊರಗಿನ ಎರಡು ಕಿವಿಗಳಲ್ಲಿ ಬಿಗಿಯಾಗಿ ನಿಂತು ನಡುವಿನ ಕಿವಿಯಲ್ಲಿ ಮಾತ್ರ ಸಡಿಲವಾಗಿ ಆಡಬೇಕು. ಈ ಬಿಗಿಯನ್ನು ಸಾಧಿಸುವುದಕ್ಕೆ ರೂಢಿಯಲ್ಲಿದ್ದ ಉಪಾಯವೆಂದರೆ ಪಿನ್ನಿನ ಒಂದು ತುದಿಯಲ್ಲಿ ನರ್ಲಿಂಗ್ ಮಾಡಿ, ಎಂದರೆ ಅಲ್ಲಿ ಉದ್ದುದ್ದನೆಯ ಏಣುಗಳನ್ನು ಒತ್ತಿ, ಆ ಏಣುಗಳು ಪ್ಲಾಸ್ಟಿಕ್ಕನ್ನು ಕಚ್ಚಿಕೊಳ್ಳುವಂತೆ ಮಾಡುವುದು. ಇನ್ನು ಕೆಲವರು ಪಿನ್ನಿನ ತುದಿಯ ಒಂದು ಮಗ್ಗುಲನ್ನು ಚಪ್ಪಟೆಯಾಗಿ ಕೆತ್ತಿ, ಕಿವಿಯ ರಂಧ್ರಕ್ಕೂ ಅದೇ ಆಕಾರ ಕೊಡುತ್ತಿದ್ದರು. ಆಗ ಪಿನ್ನು ಹೊರಕಿವಿಯಲ್ಲಿ ಸುತ್ತಲಾರದು, ರಂಧ್ರ ಸವೆಯಲಾರದು. ಕಾಗದದ ಮೇಲೆ ಎರಡೂ ನಿರ್ದುಷ್ಟವಾದ ಉಪಾಯಗಳೇ.

ಅವುಗಳ ಬಗ್ಗೆ ನನ್ನ ಅಭಿಪ್ರಾಯ ಬದಲಾದದ್ದು ಒಂದು ಡೈರಿಯಲ್ಲಿ. ರಾತ್ರಿಪಾಳಿ; ಮುಂಜಾನೆಯ ಹಾಲು ಹೊರಡುವ ಮುನ್ನ ಸಾಲು ನಡೆಯಲೇಬೇಕು; ವಿದೇಶದಿಂದ ಬಂದ ಸರಪಣಿಯ ಒಂದು ಕೊಂಡಿ ಒಡೆದಿತ್ತು. ನಮ್ಮ ಮಾದರಿಯನ್ನು ತೋರಿಸಲೆಂದು ಹೋಗಿದ್ದ ನಾನು ಬದಿಯಲ್ಲಿ ನಿಂತು ನೋಡುತ್ತಿದ್ದೆ. ಫಿಟ್ಟರು ನೆಲದ ಮೇಲೆ ಮಲಗಿ, ಚೌಕಟ್ಟಿನ ಕೆಳಗೆ ತಲೆ ತೂರಿಸಿ, ಎಡಗೈಯಲ್ಲಿ ಬ್ಯಾಟರಿ ಹಿಡಿದು, ಬಲಗೈಯಲ್ಲಿ ಪಂಚನ್ನು ಹಿಡಿದು, ಸುತ್ತಿಗೆಗೆ ಮೂರನೆಯ ಕೈಯನ್ನು ಹುಡುಕುತ್ತಿದ್ದರು. ಏಣುಗಳುಳ್ಳ ತುದಿ ಯಾವ ಕಡೆಗಿದೆಯೋ ಆ ಕಡೆಗೇ ಪಿನ್ನನ್ನು ಹೊರದಬ್ಬಬೇಕು. ತಿರುಗುಮುರುಗಾಗಿ ಹೊಡೆದರೆ ಆ ಏಣುಗಳು ಮೂರು ಕಿವಿಗಳ ಒಳಮೈಯನ್ನೂ ಹರಿದುಕೊಂಡು ಹೋಗುತ್ತವೆ. ಹಾಲು, ನೀರು, ಸಾಬೂನಿನ ಜಿಡ್ಡು ಕವಿದಿದ್ದ ಆ ಸಂದಿನಲ್ಲಿ ಏಣುಳ್ಳ ತುದಿ ಯಾವುದು ನುಣುಪಾದ ತುದಿ ಯಾವುದು ಎಂದು ಕಣ್ಣಿಗೆ ಕಾಣುವುದಾದರೂ ಹೇಗೆ? ಅವರು ಉಗುರಿನಿಂದ ಸವರಿ ನೋಡಿ ಊಹಿಸಿ ಹೊಡೆದರು. ಆ ಸಲ ಊಹೆ ಸರಿಯಾಗಿತ್ತು. ಎದ್ದು ಕುಳಿತು ಕೈ ಒರೆಸಿಕೊಳ್ಳುತ್ತ, ನಾನು ಸರಪಣಿ ಮಾಡುವವನೆಂದು ತಿಳಿದಿದ್ದುದರಿಂದ, "ಇದನ್ನ ಮಾಡಿದೋರು ಒಂದ್ ಸಲಾನಾದ್ರೂ ಇದರಡಿ ಮಲಗಿದಾರಾ ಸ್ವಾಮಿ?" ಎಂದು ಕೇಳಿದರು. ಕೋಪವೇನೂ ಇರಲಿಲ್ಲ, ಕೇವಲ ಕುತೂಹಲದ ದನಿ.

ಆ ತನಕ ನಮ್ಮ ಕಾರ್ಖಾನೆಯಲ್ಲಿ ಜೋಡಣೆಯ ಸೌಕರ್ಯವೆಂದರೆ ನಮ್ಮದೇ ಹೆಂಗಸರು ಬೆಂಚಿನ ಮುಂದೆ ಕುಳಿತು, ಒಳ್ಳೆಯ ಬೆಳಕಿನಲ್ಲಿ, ಜಿಗ್ಗಿನ ಮೇಲೆ ಕೊಂಡಿಗಳನ್ನು ಸಾಲಾಗಿರಿಸಿ ಗಂಟೆಗೆ ಎಷ್ಟು ಅಡಿ ಕೂಡಿಸಬಲ್ಲರು ಎಂಬ ಲೆಕ್ಕವೇ ಆಗಿತ್ತು. ಅದು ಯಜಮಾನರಿಗೆ ಹಣದ ಲೆಕ್ಕ, ನ್ಯಾಯವಾದುದೇ. ಆದರೆ ಬೆಂಚಿನ ಮುಂದೆ ಕುಳಿತವರಿಗೆ ಜಿಗ್ಗು ಸಹಾಯಕ್ಕಿದೆ, ಪಿನ್ನು ಯಾವ ಕಡೆಗೆ ಮುಖಮಾಡಿರಬೇಕೆಂದು ಜಿಗ್ಗೇ ಹೇಳುತ್ತದೆ. ನೆಲದ ಮೇಲೆ ಮಲಗಿದವನಿಗೆ ಏನೂ ಇಲ್ಲ. ಸರಪಣಿಯ ರಚನೆ ಅನುಕೂಲಿಸಬೇಕಾದದ್ದು ಮೊದಲು ಆ ಎರಡನೆಯವನಿಗೆ ಎಂದು ನಾನು ಹಟ ಹಿಡಿದೆ, ಮತ್ತು ಅವನಿಗೆ ಅನುಕೂಲವಾದದ್ದು ಬೆಂಚಿನವರಿಗೆ ತಾನಾಗಿಯೇ ಅನುಕೂಲವಾಗುವುದೆಂದು ವಾದಿಸಿದೆ. ಈ ವಾದಕ್ಕೆ ಶಾಸ್ತ್ರದ ಬಲ ದೊರೆತದ್ದು ಜೆಫ್ರಿ ಬೂತ್‌ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್ ಎಂಬ ಇಬ್ಬರು ವಿದ್ವಾಂಸರ ಕೈಪಿಡಿಯಿಂದ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಕುಳಿತು ಮನುಷ್ಯನ ಕೈ ಒಂದು ತುಂಡನ್ನು ಎತ್ತಿ, ತಿರುಗಿಸಿ, ಸ್ವಸ್ಥಾನದಲ್ಲಿ ಇಡಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಅಳೆದು ಕೋಷ್ಟಕ ಕಟ್ಟಿದ ಈ ಮಹನೀಯರಿಗೆ 1991ರಲ್ಲಿ ಆ ದೇಶದ ತಂತ್ರಜ್ಞಾನದ ರಾಷ್ಟ್ರೀಯ ಪದಕ ಸಂದಿತು. ತುಂಡನ್ನು ಸರಿಯಾದ ದಿಕ್ಕಿಗೆ ತರಲು ಗರಿಷ್ಠ ಎಷ್ಟು ಡಿಗ್ರಿ ತಿರುಗಿಸಬೇಕಾದೀತು ಎಂಬುದೇ ಅವರ ಮಾನದಂಡ. ನಮ್ಮ ಪಿನ್ನುಗಳನ್ನು ಆ ತಕ್ಕಡಿಗೆ ಹಾಕಿ ನೋಡಿದೆ. ತುದಿಯಲ್ಲಿ ಚಪ್ಪಟೆ ಕೆತ್ತಿದ ಪಿನ್ನನ್ನು ಹಿಂದುಮುಂದು ನೋಡಿ 360 ಡಿಗ್ರಿ, ತನ್ನ ಅಕ್ಷದ ಮೇಲೆ ಸುತ್ತಿಸಿ ಇನ್ನೊಂದು 360, ಒಟ್ಟು 720. ಒಂದು ತುದಿಯಲ್ಲಿ ಏಣುಗಳುಳ್ಳದ್ದಕ್ಕೆ 360. ಎರಡು ತುದಿಯೂ ಒಂದೇ ಬಗೆಯಾಗಿ, ಮೈಯೆಲ್ಲ ನುಣುಪಾಗಿರುವ ಬರಿಯ ದುಂಡುಕಡ್ಡಿಗೆ 180. ಅದಕ್ಕಿಂತ ಸರಳವಾದ ಪಿನ್ನು ಇರಲಾರದು. ಹಾಗಾದರೆ ಪಿನ್ನು ಬರಿಯ ದುಂಡುಕಡ್ಡಿಯೇ ಆಗತಕ್ಕದ್ದೆಂದು ನಿಶ್ಚಯಿಸಿದೆ. ಆದರೆ ನುಣುಪಾದ ಕಡ್ಡಿ ಹೊರಗೆ ಜಾರದಂತೆ ತಡೆಯುವವರಾರು?

ಇದಕ್ಕಿಂತ ಮುಂದಕ್ಕೆ ಹೋಗಿ ಪಿನ್ನನ್ನೇ ತೊಡೆದುಹಾಕಿ, ಕೊಂಡಿಯ ಜೊತೆಗೇ ದಿಂಡನ್ನು ಎರಕ ಹೊಯ್ದು, ಒಂದನ್ನೊಂದು ಟಪ್ಪನೆ ಒತ್ತಿ ಕೂಡಿಸುವಂತೆ ಏಕೆ ಮಾಡಬಾರದು ಎಂದು ನಮ್ಮ ಕೋಣೆಯ ತರುಣನೊಬ್ಬ ಕೇಳಿದ. ಪ್ರಶ್ನೆ ಒಳ್ಳೆಯದು; ಅಂತಹ ಸರಪಣಿಗಳು ಲೋಕದಲ್ಲಿ ಇಲ್ಲದೆಯೂ ಇಲ್ಲ, ಹಗುರವಾದ ಕೆಲಸಕ್ಕೆ ಸಲ್ಲುತ್ತವೆ. ಬೂತ್‌ರಾಯ್ಡರ ಕೈಪಿಡಿಯಲ್ಲಿ ಒಂದು ತುಂಡು ಪ್ರತ್ಯೇಕವಾಗಿ ಇರಲೇಬೇಕೆ ಎಂದು ಪರೀಕ್ಷಿಸುವುದಕ್ಕೆ ಮೂರು ಪ್ರಶ್ನೆಗಳಿವೆ: ಅದು ಉಳಿದವಕ್ಕೆ ಹೋಲಿಸಿದರೆ ಚಲಿಸುತ್ತದೆಯೆ, ಬೇರೆ ಪದಾರ್ಥದಿಂದಲೇ ಆಗಬೇಕೆ, ಅದು ಬೇರೆಯಾಗಿರದಿದ್ದರೆ ಮಿಕ್ಕವನ್ನು ಕೂಡಿಸಲು ಬಿಡಿಸಲು ಆಗದೆ ಹೋಗುತ್ತದೆಯೆ ಎಂದು. ಎರಡನೆಯ ಪ್ರಶ್ನೆಯಲ್ಲಿಯೇ ಪಿನ್ನು ಗೆದ್ದಿತು. ಅಸಿಟಲ್ಲಿನ ಮೇಲೆ ಅಸಿಟಲ್ ಉಜ್ಜಿದರೆ ಕೀರಲುಗುಟ್ಟುತ್ತದೆ, ಬೇಗ ಸವೆಯುತ್ತದೆ. ಸಜಾತೀಯರ ಸಹವಾಸ ಅದಕ್ಕೆ ಆಗಿಬರುವುದಿಲ್ಲ. ನುಣುಪಾದ ಸ್ಟೇನ್‌ಲೆಸ್ ಉಕ್ಕಿನ ಮೇಲಾದರೆ ವರ್ಷಗಟ್ಟಲೆ ಸುಖವಾಗಿ ಹೊರಳುತ್ತದೆ. ಅದೂ ಅಲ್ಲದೆ, ಒತ್ತಿ ಕೂಡಿಸುವ ಸಂದಿನಲ್ಲಿ ಬಾಯಿ ತೆರೆದಿರುವುದು ಎಳೆತದ ದಿಕ್ಕಿಗೋ ಅದರ ಹತ್ತಿರಕ್ಕೋ; ಕೆಲಸದ ಬಲವೂ ಬಿಡಿಸುವ ಬಲವೂ ಒಂದೇ ಮಾರ್ಗದಲ್ಲಿ ಹಾಯುತ್ತವೆ. ಸುಲಭವಾಗಿ ಕೂಡುವುದಕ್ಕೆ ಬಾಯಿ ಸಡಿಲ ಮಾಡಿದಷ್ಟೂ ಹೊರೆ ಬಿದ್ದಾಗ ಅದು ತೆರೆದುಕೊಳ್ಳುವ ಭಯ.

ಪಿನ್ನಿನ ಸ್ಥಿತಿ ಹಾಗಲ್ಲ. 300 ಕಿಲೋಗ್ರಾಂ ತೂಕದ ಕ್ರೇಟುಗಳ ಸಾಲು ಸಮತಟ್ಟಿನಲ್ಲಿ ಹೋಗುತ್ತಿದೆಯೆನ್ನಿ, ಘರ್ಷಣಾಂಕ 0.25 ಎಂದರೆ ಕೊನೆಯ ಪಿನ್ನಿನ ಮೇಲೆ 75 ಕಿಲೋಗ್ರಾಮಿನಷ್ಟು ಎಳೆತ. ಆದರೆ ಆ ಎಳೆತವೆಲ್ಲ ಪಿನ್ನಿಗೆ ಅಡ್ಡಲಾಗಿ. ಪಿನ್ನಿನ ಉದ್ದಕ್ಕೆ, ಅದನ್ನು ಹೊರದಬ್ಬುವ ದಿಕ್ಕಿನಲ್ಲಿ, ನೇರವಾದ ಸಾಲಿನಲ್ಲಿ ಯಾವ ಬಲವೂ ಇಲ್ಲವೆಂದೇ ಹೇಳಬೇಕು. ಪಿನ್ನು ಹೊರಬರುವುದಾದರೆ ಅದು ಹಲ್ಲುಚಕ್ರದ ಮೇಲೆ ಹೊರಳಿ ಹೊರಳಿ, ಅದುರಿ ಅದುರಿ, ಕೂದಲೆಳೆಯಷ್ಟು ಸರಿದು ಸರಿದು ಬರುತ್ತದೆಯೇ ಹೊರತು ಎಳೆತಕ್ಕೆ ಅಲ್ಲ. ಎತ್ತಿನ ಗಾಡಿಯ ಕಡಾಣಿಯನ್ನು ನೋಡಿದವರಿಗೆ ಇದು ಹೊಸದಲ್ಲ: ಗಾಡಿಯ ಭಾರವನ್ನೆಲ್ಲ ಹೊರುವುದು ಇರಚಿ, ಗಾಲಿ ಕಳಚದಂತೆ ನೋಡಿಕೊಳ್ಳುವ ಕಡಾಣಿ ಒಂದು ಬೆರಳಿನಿಂದ ಮೀಟಿದರೆ ಬರುವಷ್ಟು ಹಗುರ. ಕೆಲಸದ ಬಲ ಒಂದು ದಿಕ್ಕಿಗೆ, ಬಿಚ್ಚುವ ಬಲ ಅದಕ್ಕೆ ಲಂಬವಾದ ದಿಕ್ಕಿಗೆ ಎಂದಾದ ಮೇಲೆ, ಗಟ್ಟಿಯಾಗಿರುವುದಕ್ಕೂ ಸುಲಭವಾಗಿ ಬಿಚ್ಚಿಕೊಳ್ಳುವುದಕ್ಕೂ ಇದೆಯೆಂದು ನಾವು ಭಾವಿಸುತ್ತಿದ್ದ ವಿರೋಧ ಕರಗಿಹೋಗುತ್ತದೆ. ಏಣುಗಳನ್ನು ಸುತ್ತಿಗೆಯಿಂದ ಹೊಡೆದು ಕಚ್ಚಿಸುವ ರೂಢಿ ಇಲ್ಲದ ಶತ್ರುವಿನ ವಿರುದ್ಧ ಕಟ್ಟಿದ ಕೋಟೆ ಎಂದು ನನಗೆ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಆದುದರಿಂದ ತಡೆಯನ್ನು ಪಿನ್ನಿನಿಂದ ತೆಗೆದು ಕಿವಿಗೆ ಕೊಟ್ಟೆವು. ಹೊರಗಿನ ಎರಡು ಕಿವಿಗಳ ಬಾಯಿಯಲ್ಲಿಯೂ ಪ್ಲಾಸ್ಟಿಕ್ಕಿನ ಒಂದೊಂದು ಸಣ್ಣ ಬೆರಳು; ಬೆರಳಿನ ತುದಿಯಲ್ಲಿ ರಂಧ್ರದೊಳಕ್ಕೆ ಚಾಚಿದ ಸಣ್ಣ ತುಟಿ. ಪಿನ್ನನ್ನು ಯಾವ ಕಡೆಯಿಂದ ದಬ್ಬಿದರೂ ಬೆರಳು ಬಾಗಿ ದಾರಿ ಕೊಟ್ಟು, ಪಿನ್ನು ಒಳಹೋದೊಡನೆ ಹಿಂದಕ್ಕೆ ಚಿಮ್ಮಿ ಬಾಗಿಲು ಹಾಕುತ್ತದೆ. ಆ ಚಿಮ್ಮುವಿಕೆಯ ಟಿಕ್ಕೆಂಬ ಸದ್ದು ಕತ್ತಲಲ್ಲಿಯೂ ಕೇಳುತ್ತದೆ. ಬಿಡಿಸುವಾಗ ಯಾವ ಕಡೆಯಿಂದ ಒತ್ತಿದರೂ ಇನ್ನೊಂದು ಕಡೆಗೆ ಬರುತ್ತದೆ. ಬೆರಳಿನ ಉದ್ದದ ವಿಷಯದಲ್ಲಿ ಮಾತ್ರ ಬಹಳ ಚರ್ಚೆ ನಡೆಯಿತು. ಬಾಗುವ ಬೆರಳಿನ ಬುಡದಲ್ಲಿ ಉಂಟಾಗುವ ಹಿಗ್ಗು ಅದರ ದಪ್ಪ ಮತ್ತು ಬಾಗುವಿಕೆಗಳ ಗುಣಲಬ್ಧದ ಒಂದೂವರೆ ಪಟ್ಟನ್ನು ಉದ್ದದ ವರ್ಗದಿಂದ ಭಾಗಿಸಿದಷ್ಟು. ದಪ್ಪ 2 ಮಿಲಿಮೀಟರ್, ಬಾಗುವುದು 0.4 ಮಿಲಿಮೀಟರ್, ಉದ್ದ 5 ಮಿಲಿಮೀಟರ್ ಆದರೆ ಹಿಗ್ಗು ಶೇಕಡಾ 4.8, ಉದ್ದವನ್ನು 8ಕ್ಕೆ ಏರಿಸಿದರೆ ಶೇಕಡಾ 1.9ಕ್ಕೆ ಇಳಿಯುತ್ತದೆ. ಒಂದೇ ಸಲ ಬಾಗಿ ಕೆಲಸ ಮುಗಿಸುವ ಬೆರಳು ಹೆಚ್ಚಿನ ಹಿಗ್ಗನ್ನು ಸಹಿಸೀತು. ನಮ್ಮದು ವರ್ಷಕ್ಕೆ ಹಲವು ಬಾರಿ ಬಿಚ್ಚಿ ಹಾಕುವವರ ಕೈಗೆ ಹೋಗತಕ್ಕದ್ದು. ಕಿವಿಯೊಳಗೆ ಇರುವ ಅಲ್ಪಸ್ಥಳದಲ್ಲಿ ಆ ಮೂರು ಮಿಲಿಮೀಟರುಗಳನ್ನು ದಕ್ಕಿಸಿಕೊಳ್ಳುವುದಕ್ಕೆ ನಾನು ಅಚ್ಚಿನವರೊಡನೆ ಮಾಡಿದ ಜಗಳ ಜಮೀನಿನ ಬದುವಿಗಾಗಿ ಅಣ್ಣತಮ್ಮಂದಿರು ಮಾಡುವುದಕ್ಕೆ ಕಡಿಮೆಯದಲ್ಲ.

ಅಚ್ಚಿನವರ ಪಕ್ಷವನ್ನೂ ಹೇಳಬೇಕು. ಅಸಿಟಲ್ ಆರುವಾಗ ಶೇಕಡಾ ಎರಡರ ಆಸುಪಾಸಿನಲ್ಲಿ ಕುಗ್ಗುತ್ತದೆ. ಅಚ್ಚಿನಿಂದ ಹೊರಬಿದ್ದ ಮೇಲೂ ಕೆಲವು ದಿನ ಅಷ್ಟಿಷ್ಟು ಕುಗ್ಗುತ್ತಲೇ ಇರುತ್ತದೆ. ಬಿಸಿಬಿಸಿಯಾಗಿ ಅಳೆದು ಸರಿಯಿದೆಯೆಂದವನು ಮೂರನೆಯ ದಿನ ಸುಳ್ಳುಗಾರನಾಗುತ್ತಾನೆ. ಕೊಂಡಿಯೊಂದರಲ್ಲಿ 0.05 ಮಿಲಿಮೀಟರ್ ವ್ಯತ್ಯಾಸವೆಂದರೆ ಲೆಕ್ಕಕ್ಕಿಲ್ಲದ ಮಾತು ಎನ್ನಿಸುತ್ತದೆ. ಅದೇ 80 ಕೊಂಡಿಗಳಲ್ಲಿ ಕೂಡಿಕೊಂಡು 4 ಮಿಲಿಮೀಟರ್ ಆಗುತ್ತದೆ. ಜೊತೆಗೆ ರಂಧ್ರವು ಅಚ್ಚು ತೆರೆಯುವ ದಿಕ್ಕಿಗೆ ಅಡ್ಡಲಾಗಿರುವುದರಿಂದ ಅದನ್ನು ಮೂಡಿಸುವ ತೆಳುವಾದ ಉಕ್ಕಿನ ಕಡ್ಡಿ ಪಕ್ಕಕ್ಕೆ ಸರಿದು ಹೊರಬರಬೇಕು. ಬೆರಳಿನ ತುಟಿ ಅದಕ್ಕೆ ಅಡ್ಡಿ. ಬೆರಳಿನ ಕೆಳಗೆ ಒಂದು ಕಿಂಡಿ ತೆರೆದು ತುಟಿಯನ್ನು ಆ ಕಿಂಡಿಯ ಮೂಲಕವೇ ಮೂಡಿಸಬಹುದೆಂದು ತೋರಿಸಿಕೊಟ್ಟವರು ನಮ್ಮ ಹಿರಿಯ ಟೂಲ್‌ಮೇಕರು. ಆ ಕಿಂಡಿ ಡೈರಿಯವರಿಗೂ ಉಪಕಾರವಾಯಿತು: ತೊಳೆಯುವ ನೀರು ಸಂದಿನೊಳಕ್ಕೆ ಹೋಗುತ್ತಿತ್ತು, ಹೊರಕ್ಕೂ ಬರುತ್ತಿತ್ತು.

ತಿರುವುಗಳ ಕಥೆ ಬೇರೆಯೇ ಒಂದು ಅಧ್ಯಾಯ. ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇನೆ. 0.2 ಘರ್ಷಣಾಂಕದ ಒಂದು ಸಮಕೋನದ ತಿರುವು ಎಳೆತವನ್ನು 1.37 ಪಟ್ಟು ಮಾಡುತ್ತದೆ, ಎರಡು ತಿರುವುಗಳು 1.87 ಪಟ್ಟು. ತಿರುವಿನಲ್ಲಿ ಸರಪಣಿ ಮೇಲಕ್ಕೆ ಏಳದಂತೆ ಹಳಿಯ ಕೆಳಗೆ ಅಯಸ್ಕಾಂತವನ್ನಿಟ್ಟು ಪಿನ್ನುಗಳನ್ನು ಸೆಳೆದು ಹಿಡಿಯುವ ಪದ್ಧತಿಯೊಂದಿದೆ. ಅದಕ್ಕೆ ಪಿನ್ನು ಫೆರಿಟಿಕ್ ಜಾತಿಯ ಸ್ಟೇನ್‌ಲೆಸ್ ಉಕ್ಕಿನದಾಗಿರಬೇಕು, ಪಾತ್ರೆ ಮಾಡುವ 304ನ್ನು ಅಯಸ್ಕಾಂತ ಬಲವಾಗಿ ಹಿಡಿಯದು. ಎರಡೂ ನೋಟಕ್ಕೆ ಒಂದೇ. ನಮ್ಮ ಸರ್ವಿಸಿನ ಹುಡುಗರ ಜೇಬಿನಲ್ಲಿ ಅದಕ್ಕಾಗಿಯೇ ಒಂದೊಂದು ಪುಟ್ಟ ಅಯಸ್ಕಾಂತ ಇರುತ್ತಿತ್ತು.

ಸಡಿಲಿಕೆಯ ವಿಷಯವನ್ನು ಹೇಳದಿದ್ದರೆ ಜೋಡಣೆಯ ವಿಷಯ ಅಪೂರ್ಣ. ರಬ್ಬರಿನ ಬೆಲ್ಟಿಗೆ ಒಗ್ಗಿದ ಜನ ಸರಪಣಿಯನ್ನೂ ತಂಬೂರಿಯ ತಂತಿಯಂತೆ ಬಿಗಿಯಬೇಕೆಂದು ತಿಳಿಯುತ್ತಾರೆ. ಅಸಿಟಲ್ ಶಾಖಕ್ಕೆ ಉಕ್ಕಿಗಿಂತ ಹಲವು ಪಟ್ಟು ಹಿಗ್ಗುತ್ತದೆ: ಹತ್ತು ಮೀಟರ್ ಸರಪಣಿ ತೊಳೆಯುವ ಬಿಸಿನೀರಿಗೆ 40 ಡಿಗ್ರಿ ಕಾದರೆ ಸುಮಾರು 44 ಮಿಲಿಮೀಟರ್ ಬೆಳೆಯುತ್ತದೆ, ಎಂದರೆ ಒಂದು ಇಡೀ ಕೊಂಡಿಗಿಂತ ಹೆಚ್ಚು. ಬಿಸಿಯಾಗಿದ್ದಾಗ ಬಿಗಿದು ಕಟ್ಟಿದರೆ ತಣ್ಣಗಾದಾಗ ಅದು ತನ್ನನ್ನೂ ಬೇರಿಂಗುಗಳನ್ನೂ ಹಿಂಡಿಕೊಳ್ಳುತ್ತದೆ. ಆದುದರಿಂದ ಹಿಂದಿರುಗುವ ಮಗ್ಗುಲಿನಲ್ಲಿ, ಹಲ್ಲುಚಕ್ರದ ಸಮೀಪ, ಅದು ತನ್ನ ಭಾರಕ್ಕೆ ತಾನೇ ಜೋತು ಬೀಳುವಷ್ಟು ಎಡೆಯನ್ನು ಚೌಕಟ್ಟಿನಲ್ಲಿಯೇ ಬಿಡಬೇಕು. ಆ ಜೋಲಿನಲ್ಲಿ ಹಿಗ್ಗು ಅಡಗುತ್ತದೆ, ಸವಕಲೂ ಅಡಗುತ್ತದೆ. ಫಿಟ್ಟರಿಗೆ ತುದಿಗಳನ್ನು ಎಳೆದು ಹಿಡಿಯುವ ಕೊಕ್ಕೆಯೂ ಬೇಡ, ಇನ್ನೊಬ್ಬ ಆಳೂ ಬೇಡ. ಜೋತ ಜಾಗದಲ್ಲಿ ಎರಡು ತುದಿಗಳನ್ನು ಒಂದೇ ಕೈಯಿಂದ ಕೂಡಿಸಿಕೊಂಡು ಇನ್ನೊಂದು ಕೈಯಿಂದ ಪಿನ್ನು ದಬ್ಬಬಹುದು. ಸಾಲನ್ನು ಕಟ್ಟುವ ಗುತ್ತಿಗೆದಾರರಿಗೆ ಈ ಜೋಲು ಸೋಮಾರಿತನದ ಲಕ್ಷಣವಾಗಿ ಕಾಣುತ್ತಿತ್ತು; ನಮ್ಮ ಬೆನ್ನು ತಿರುಗಿದೊಡನೆ ಬಿಗಿಯುತ್ತಿದ್ದರು.

ಪಂಚಿನ ಮಾತು ಉಳಿಯಿತು. ಸುತ್ತಿಗೆ ಬೇಡವಾದ ಮೇಲೆ ಪಿನ್ನನ್ನು ಒತ್ತುವುದಕ್ಕೆ ಏನಾದರೂ ಒಂದು ಕಡ್ಡಿ ಬೇಕಲ್ಲ. ಫಿಟ್ಟರುಗಳು ಮೊಳೆ, ಹಳೆಯ ಡ್ರಿಲ್ಲು, ಸ್ಕ್ರೂಡ್ರೈವರು, ಕೈಗೆ ಸಿಕ್ಕಿದ್ದರಿಂದ ಒತ್ತಿ ಬೆರಳುಗಳನ್ನು ಗಾಸಿಗೊಳಿಸುತ್ತಿದ್ದರು. ಕೊಂಡಿಯ ಅಚ್ಚಿನ ಒಂದು ಮೂಲೆಯಲ್ಲಿ ಸ್ಥಳ ಉಳಿದಿತ್ತು. ಅಲ್ಲಿ ಅಂಗೈಗೆ ಒಪ್ಪುವ ಒಂದು ಸಣ್ಣ ಹಿಡಿಯನ್ನು ಮೂಡಿಸಿ, ಅದರ ತುದಿಗೆ ಪಿನ್ನಿಗಿಂತ ಕೂದಲೆಳೆ ಸಣ್ಣದಾದ ಉಕ್ಕಿನ ತುಂಡನ್ನು ಸೇರಿಸಿ, ಪೆಟ್ಟಿಗೆಗೆ ಒಂದರಂತೆ ಇಟ್ಟು ಕಳುಹಿಸತೊಡಗಿದೆವು. ಕೇಳದವರಿಗೆ ಕೊಡುವ ವಸ್ತುವಿಗೆ ಖರ್ಚು ಏಕೆಂದು ಲೆಕ್ಕಪತ್ರ ವಿಭಾಗದವರು ಆಕ್ಷೇಪಿಸಿದರು. ಸ್ವಲ್ಪ ಕಾಲದಲ್ಲಿಯೇ ಡೈರಿಗಳ ಉಗ್ರಾಣಗಳಿಂದ ಕಾಗದಗಳು ಬರಲಾರಂಭಿಸಿದವು: ಸದ್ಯಕ್ಕೆ ಸರಪಣಿ ಬೇಡ, ಪೆಟ್ಟಿಗೆಯಲ್ಲಿ ಬಂದಿದ್ದ ಹಿಡಿ ಕಳೆದುಹೋಗಿದೆ, ಅದನ್ನು ಮಾತ್ರ ಕಳುಹಿಸಿಕೊಡತಕ್ಕದ್ದು ಎಂದು. ನಮ್ಮ ಬೆಲೆಪಟ್ಟಿಯಲ್ಲಿ ಅದಕ್ಕೆ ಹೆಸರಿಲ್ಲ, ನಂಬರಿಲ್ಲ, ದರವಿಲ್ಲ. ಬಿಲ್ಲು ಮಾಡುವುದು ಹೇಗೆಂದು ಗುಮಾಸ್ತರು ಕಾಗದವನ್ನು ನನ್ನ ಮೇಜಿಗೆ ತಂದಿಡುವರು, ನಾನು ಎರಡು ಹಿಡಿಗಳನ್ನು ಲಕೋಟೆಗೆ ಹಾಕಿ ಅಂಚೆಗೆ ಕೊಡುವೆನು.